ಅಜ್ಜಿಯ ಫಿಲ್ಟರು, ಮೊಮ್ಮಗನ ಮಿಷನ್ನು



ಈ ವಾರ ನಮ್ಮ ಮನೆಯ ಕಾಫಿ ಜಗಳದ ಕತೆ ಹೇಳುತ್ತೇನೆ. ಜಗಳ ಎಂದರೆ ಗಾಬರಿ ಬೇಡ. ಲೋಟ ತಟ್ಟೆ ಯಾವುದೂ ಹಾರಲಿಲ್ಲ. ಒಂದು ಮಿಷನ್ನು ಮನೆಗೆ ಬಂತು, ಒಂದು ಫಿಲ್ಟರು ಅಟ್ಟ ಹತ್ತಿತು, ನಮ್ಮ ಮನೆಯಾಕೆ ಮೂರು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅಷ್ಟೇ.

ನಮ್ಮ ಕಟ್ಟಾಯದ ಹೊಲಗಳಲ್ಲಿ ಕಾಣುವುದು ರಾಗಿ, ಮುಸುಕಿನ ಜೋಳ, ಆಲೂಗಡ್ಡೆ. ಕಾಫಿ ತೋಟ ನೋಡಬೇಕಾದರೆ ಹಾಸನ ದಾಟಿ ಸಕಲೇಶಪುರದ ಕಡೆಗೋ ಬೇಲೂರಿನ ಕಡೆಗೋ ಹೋಗಬೇಕು. ಆದರೆ ಬೆಳೆಯದಿದ್ದರೇನು, ಕುಡಿಯುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ನಮ್ಮ ಬೀಗರು ಸಕಲೇಶಪುರದ ಕಡೆಯವರು. ವರ್ಷಕ್ಕೆ ಎರಡು ಸಲ ಬರುತ್ತಾರೆ, ಬರುವಾಗ ಒಂದು ಚೀಲದಲ್ಲಿ ಕಾಫಿ ಬೀಜ ತರುತ್ತಾರೆ. ಯೆಮನ್ ದೇಶದಿಂದ ಬಾಬಾಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರು ಎಂಬ ಕತೆಯನ್ನು ನೀವು ಪಾಠದಲ್ಲಿ ಓದಿರುತ್ತೀರಿ. ನಮ್ಮ ಮನೆಯ ಪಾಲಿಗೆ ನಮ್ಮ ಬೀಗರೇ ಬಾಬಾಬುಡನ್.

ನಮ್ಮ ಮನೆಯಾಕೆ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ಫಿಲ್ಟರ್ ಎಂಬುದೇ ಇರಲಿಲ್ಲ. ನೀರು ಕುದಿಸಿ, ಬೆಲ್ಲ ಹಾಕಿ, ಪುಡಿ ಹಾಕಿ, ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸುವ ಬೆಲ್ಲದ ಕಾಫಿ. ಆ ಬಟ್ಟೆ ಎಷ್ಟು ತೊಳೆದರೂ ನಾಲ್ಕು ದಿನಕ್ಕೆ ಹುಳಿ ವಾಸನೆ ಬರುತ್ತಿತ್ತು. ಆ ವಾಸನೆ ಕಾಫಿಗೂ ಇಳಿಯುತ್ತಿತ್ತು. ಆಕೆ ಕೋಳಿ ಮೊಟ್ಟೆ ಮಾರಿದ ದುಡ್ಡು ಕೂಡಿಸಿ ಹಾಸನದ ಸಂತೆಯಲ್ಲಿ ಹಿತ್ತಾಳೆ ಫಿಲ್ಟರ್ ತಂದಳು. ಆಮೇಲೆ ಮೇಜಿನ ಅಂಚಿಗೆ ಬಿಗಿದು ಕೈಯಲ್ಲಿ ತಿರುಗಿಸುವ ಒಂದು ಕಬ್ಬಿಣದ ಬೀಸುವ ಮಿಷನ್ನು ಬಂತು. ಕಲಾಯಿ ಹಾಕುವವನು ಊರಿಗೆ ಬರುವುದು ನಿಂತ ಮೇಲೆ ಹಿತ್ತಾಳೆ ಹೋಗಿ ಸ್ಟೀಲ್ ಫಿಲ್ಟರ್ ಬಂತು. ಬೆರಳಿನ ಗಂಟುಗಳು ನೋಯಲು ಶುರುವಾದ ಮೇಲೆ ಕೈ ಮಿಷನ್ನು ಅಟ್ಟ ಸೇರಿತು, ಬೀಜವನ್ನು ಹಾಸನದ ಕಾಫಿ ಪುಡಿ ಅಂಗಡಿಗೆ ಕೊಟ್ಟು ಪುಡಿ ಮಾಡಿಸಿ ತರುವುದು ರೂಢಿಯಾಯಿತು. ಕಾಫಿ 80, ಚಿಕೋರಿ 20. ಆ ಲೆಕ್ಕ ಇಂದಿಗೂ ಬದಲಾಗಿಲ್ಲ.

ಇದನ್ನು ಯಾಕೆ ಹೇಳಿದೆ ಎಂದು ಕೊನೆಯಲ್ಲಿ ಗೊತ್ತಾಗುತ್ತದೆ. ನೆನಪಿಟ್ಟುಕೊಳ್ಳಿ.

ಈ ಸಲ ಸಂಕ್ರಾಂತಿಗೆ ಬೆಂಗಳೂರಿನಿಂದ ಮೊಮ್ಮಗ ಬಂದ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಕೈಯಲ್ಲಿ ಎಳ್ಳು-ಬೆಲ್ಲದ ಪೊಟ್ಟಣ, ಹೆಗಲ ಮೇಲೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ.

"ಅಜ್ಜಿ, ಇನ್ನು ಮೇಲೆ ನೀನು ಕಷ್ಟಪಡೋದು ಬೇಡ. ಎಸ್ಪ್ರೆಸೊ ಮಿಷನ್ನು" ಅಂದ.

ನಾನು ಸುಮ್ಮನಿರಬೇಕಿತ್ತು. "ಎಸ್ಪ್ರೆಸೊ ನನಗೆ ಗೊತ್ತಿಲ್ಲದೇ ಏನೋ! ಮದುವೆ ಮನೆಯಲ್ಲಿ ಬುಸ್ ಅಂತ ಹಬೆ ಬಿಟ್ಟು, ನೊರೆ ಬರಿಸಿ, ಮೇಲೆ ಚಾಕೊಲೇಟ್ ಪುಡಿ ಉದುರಿಸಿ ಕೊಡ್ತಿದ್ದರಲ್ಲ" ಅಂದೆ. ನನ್ನ ವಯಸ್ಸಿನವರಿಗೆಲ್ಲ ಆ ಶಬ್ದ ನೆನಪಿರುತ್ತದೆ. ಊಟ ಮುಗಿಸಿ ಕೈ ತೊಳೆದವರೆಲ್ಲ ಆ ಮಿಷನ್ನಿನ ಮುಂದೆ ಸಾಲು.

ಮೊಮ್ಮಗ ನಕ್ಕ. "ತಾತ, ಅದು ಇನ್‌ಸ್ಟಂಟ್ ಪುಡಿ ಹಾಕಿ ಹಾಲಿಗೆ ಹಬೆ ಹೊಡೆಯೋದು. ಹೆಸರು ಮಾತ್ರ ಎಸ್ಪ್ರೆಸೊ. ನಿಜವಾದ ಎಸ್ಪ್ರೆಸೊದಲ್ಲಿ ಬಿಸಿನೀರನ್ನ ಜೋರಾಗಿ ಒತ್ತಿ ಪುಡಿಯೊಳಗೆ ನುಗ್ಗಿಸ್ತಾರೆ."

ಅವನು ಹೇಳಿದ್ದು ಸರಿ. ಮಕ್ಕಳೇ, ಈ ಒತ್ತುವ ವಿಷಯ ಸ್ವಲ್ಪ ತಿಳಿಯೋಣ. ನಾನು ವಿಜ್ಞಾನದ ಮೇಷ್ಟ್ರಾಗಿದ್ದವನು, ಸುಮ್ಮನೆ ಬಿಡುವುದು ಹೇಗೆ?

ನಮ್ಮ ಫಿಲ್ಟರ್‌ನಲ್ಲಿ ನೀರನ್ನು ಕೆಳಗೆ ಎಳೆಯುವುದು ಭೂಮಿ. ಅದಕ್ಕೆ ಅವಸರವಿಲ್ಲ. ಹನಿ ಹನಿಯಾಗಿ ಹದಿನೈದು ಇಪ್ಪತ್ತು ನಿಮಿಷ ಇಳಿಯುತ್ತದೆ. ಎಸ್ಪ್ರೆಸೊದಲ್ಲಿ ಅದೇ ಕೆಲಸ 25ರಿಂದ 30 ಸೆಕೆಂಡಿನಲ್ಲಿ ಆಗಬೇಕು. ಅದಕ್ಕೆ ಸುಮಾರು 9 ಬಾರ್ ಒತ್ತಡ ಬೇಕು. ಬಾರ್ ಎಂದರೆ ಎಷ್ಟು? ನಮ್ಮ ಸುತ್ತಲಿನ ಗಾಳಿ ನಮ್ಮನ್ನು ಒತ್ತುವುದು ಸುಮಾರು 1 ಬಾರ್. ಕುಕ್ಕರ್ ಸೀಟಿ ಹೊಡೆಯುವಾಗ ಒಳಗೆ ಅದಕ್ಕಿಂತ ಇನ್ನೊಂದು ಬಾರ್ ಹೆಚ್ಚು. ನೀರಿನಲ್ಲಿ ಮುಳುಗಿದರೆ ಪ್ರತಿ 10 ಮೀಟರಿಗೆ 1 ಬಾರ್ ಏರುತ್ತದೆ. ನಮ್ಮ ಪಕ್ಕದ ಗೊರೂರಿನ ಹೇಮಾವತಿ ಅಣೆಕಟ್ಟಿನ ಎತ್ತರ ಸುಮಾರು 58 ಮೀಟರ್. ತುಂಬಿದ ಅಣೆಕಟ್ಟಿನ ತಳಕ್ಕೆ ಇಳಿದರೂ ನೀರಿನ ಒತ್ತಡ 6 ಬಾರ್ ಮುಟ್ಟುವುದಿಲ್ಲ. ಅದಕ್ಕಿಂತ ಹೆಚ್ಚಿನ ಒತ್ತಡವನ್ನು ಅಡುಗೆಮನೆ ಕಟ್ಟೆಯ ಮೇಲಿನ ಈ ಪುಟ್ಟ ಪೆಟ್ಟಿಗೆ ಹುಟ್ಟಿಸುತ್ತದೆ! ಅದಕ್ಕೇ ಇದು ಮಕ್ಕಳು ಒಬ್ಬರೇ ಮುಟ್ಟುವ ವಸ್ತುವಲ್ಲ. ಹಬೆಯ ಕೊಳವೆಯಂತೂ ಚರ್ಮವನ್ನು ಕ್ಷಣದಲ್ಲಿ ಸುಡುತ್ತದೆ.

ಇದು ಇಟಲಿಯವರ ಬುದ್ಧಿ. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1901ರಲ್ಲಿ ಮಿಲಾನಿನ ಲುಯಿಜಿ ಬೆಝೆರಾ ಒಂದೊಂದು ಲೋಟಕ್ಕೆ ಬೇರೆ ಬೇರೆಯಾಗಿ ಇಳಿಸುವ ಯಂತ್ರ ಮಾಡಿದರು. ಹಬೆಯ ಬಲ ಸಾಲದು, ಕಾಫಿ ಸುಟ್ಟ ರುಚಿ ಬರುತ್ತದೆ ಎಂದು ಅಕಿಲೆ ಗಾಜಿಯಾ ತಲೆ ಕೆಡಿಸಿಕೊಂಡು 1938ರಲ್ಲಿ ಇನ್ನೊಂದು ಪೇಟೆಂಟ್‌ಗೆ ಅರ್ಜಿ ಹಾಕಿದರು. ಯುದ್ಧ ಮುಗಿದ ಮೇಲೆ ಅವರ ಹಿಡಿ ಎಳೆಯುವ ಯಂತ್ರ ಬಂತು, ಕಾಫಿಯ ಮೇಲೆ ಮೊದಲ ಸಲ ದಪ್ಪ ಕಂದು ನೊರೆ ಕಟ್ಟಿತು. 1961ರಲ್ಲಿ ವಿದ್ಯುತ್ ಪಂಪಿನ ಯಂತ್ರ ಹೆಸರು ಮಾಡಿತು. ನೋಡಿ, ಅವರೂ ಒಂದೇ ಸಲ ದೊಡ್ಡ ಯಂತ್ರಕ್ಕೆ ಹಾರಲಿಲ್ಲ. ಇದ್ದ ಯಂತ್ರದಲ್ಲಿ ಏನು ಕೊರತೆ ಎಂದು ನಾಲಿಗೆಗೆ ತಿಳಿದ ಮೇಲೆ ಮುಂದಿನದಕ್ಕೆ ಹೋದರು.

ಮತ್ತೆ ನಮ್ಮ ಮನೆಗೆ ಬರೋಣ. ಕಟ್ಟೆಯ ಮೇಲೆ ಜಾಗ ಸಾಲಲಿಲ್ಲ. ಮೊಮ್ಮಗ ಫಿಲ್ಟರನ್ನು ಎತ್ತಿ ಅಟ್ಟದ ಮೇಲಿಟ್ಟ. ಅಜ್ಜಿ ನೋಡಿದಳು, ಏನೂ ಹೇಳಲಿಲ್ಲ. ಹೊರಗೆ ಹೋಗಿ ಹೂವು ಬಿಡಿಸಲು ಕೂತಳು.

ಮೊದಲ ಕಾಫಿ ನೋಡಲು ಬಲು ಚೆನ್ನಾಗಿತ್ತು. ನಮ್ಮ ಮನೆಯ ಅಂಗಡಿ ಪುಡಿಯನ್ನೇ ಹಾಕಿದ. ಮೇಲೆ ಒಂದು ಬೆರಳು ನೊರೆ. ನನ್ನ ಮಗ, ಸೊಸೆ, ಏಳನೇ ಕ್ಲಾಸಿನ ಮೊಮ್ಮಗಳು ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ನೊರೆ ಇದೆ ಕಣೋ ಮಗಾ. ಕಾಫಿ ಇಲ್ಲ."

ಅವನಿಗೆ ಮುಖ ಸಣ್ಣದಾಯಿತು. ರಾತ್ರಿಯೆಲ್ಲ ಮೊಬೈಲಿನಲ್ಲಿ ವಿಡಿಯೊ ನೋಡಿದ. ಬೆಳಿಗ್ಗೆ ಕಾರಣ ಹೇಳಿದ. ಮಿಷನ್ನಿನ ಜೊತೆ ಪುಡಿ ತುಂಬುವ ಎರಡು ಜಾಲರಿ ಬಟ್ಟಲು ಬಂದಿದ್ದವಂತೆ. ಒಂದಕ್ಕೆ ಎರಡು ತಳ, ಹೊರಗಿನ ತಳದಲ್ಲಿ ಒಂದೇ ಒಂದು ಸೂಜಿಮೊನೆಯಷ್ಟು ತೂತು. ಪುಡಿ ಹೇಗೇ ಇರಲಿ, ಆ ತೂತಿನಿಂದ ಚಿಮ್ಮುವಾಗ ನೊರೆ ಬಂದೇ ಬರುತ್ತದೆ. ಹೊಸದಾಗಿ ಕಲಿಯುವವರಿಗೆ ಅದು ಊರುಗೋಲು. ಇನ್ನೊಂದಕ್ಕೆ ಒಂದೇ ತಳ, ತುಂಬ ತೂತುಗಳು. ಅದರಲ್ಲಿ ಮೋಸವಿಲ್ಲ. ಪುಡಿ ಸರಿಯಿದ್ದರೆ ಕಾಫಿ ಸರಿ, ಇಲ್ಲದಿದ್ದರೆ ಇಲ್ಲ.

ಎರಡನೆಯದನ್ನು ಹಾಕಿದ. ಕಾಫಿ ಎಂಟೇ ಸೆಕೆಂಡಿನಲ್ಲಿ ಮಳೆಗಾಲದ ಹಳ್ಳದಂತೆ ನುಗ್ಗಿ ಬಂತು. ಕುಡಿದರೆ ಹುಳಿ, ನೀರು ನೀರು. ಆಮೇಲೆ ಬೀಗರು ಹುರಿದು ಕೊಟ್ಟಿದ್ದ ಬೀಜವನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದ. ಈಗ ಮಿಷನ್ನು ಗೊರ್ ಎಂದು ಕೂಗಿತೇ ಹೊರತು ಕಾಫಿ ಇಳಿಯಲಿಲ್ಲ. ಒಂದು ನಿಮಿಷಕ್ಕೆ ನಾಲ್ಕು ಹನಿ. ಕುಡಿದರೆ ಬೇವಿನ ಕಷಾಯದಷ್ಟು ಕಹಿ, ಅದರ ಹಿಂದೆಯೇ ಹುಳಿ.

"ಮಿಷನ್ನೇ ಸರಿಯಿಲ್ಲ. ಚಿಕ್ಕದು ತಂದದ್ದು ನನ್ನ ತಪ್ಪು. ಬೋನಸ್ ಬಂದಿದೆ, ಅರವತ್ತು ಸಾವಿರದ್ದು ಒಂದಿದೆ, ಅದನ್ನೇ ತರ್ತೀನಿ" ಅಂದ.

"ಅರವತ್ತು ಸಾವಿರ!" ನನ್ನ ಮಗ ಊಟದ ತಟ್ಟೆಯ ಮುಂದೆಯೇ ಎದ್ದು ನಿಂತ. "ಆ ದುಡ್ಡಿಗೆ ಒಂದು ಹಸು ಬರುತ್ತೆ ಕಣೋ. ಹಾಲೂ ಕೊಡುತ್ತೆ."

ಮಾತಿಗೆ ಮಾತು ಬೆಳೆಯಿತು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ನಾನೂ ಒಂದು ಸೌದೆ ತಳ್ಳಿದೆ. ಆಗ ಮೊಮ್ಮಗ ಹೇಳಿದ ಮಾತು ನನ್ನನ್ನು ಸುಮ್ಮನಾಗಿಸಿತು.

"ತಾತ, ಬೆಳಿಗ್ಗೆ ಬೆಳಿಗ್ಗೆ ಅಜ್ಜಿ ಫಿಲ್ಟರ್ ಬಿಚ್ಚೋಕೆ ಎಷ್ಟು ಒದ್ದಾಡ್ತಾಳೆ ನೋಡಿದೀಯಾ? ಬಿಸಿಗೆ ಎರಡೂ ಕಚ್ಚಿಕೊಂಡಿರುತ್ತೆ. ಬೆರಳು ಮಡಚೋಕೆ ಆಗಲ್ಲ ಅವಳಿಗೆ. ದೀಪಾವಳಿಗೆ ಬಂದಾಗ ನೋಡಿದೆ. ಸೆರಗಿನಲ್ಲಿ ಹಿಡಿದು ತಿರುಗಿಸಿ, ಆಗದೆ, ಗೋಡೆಗೆ ತಟ್ಟುತ್ತಾ ಕೂತಿದ್ದಳು. ಅದಕ್ಕೇ ತಂದಿದ್ದು."

ನಾನು ನೋಡಿರಲಿಲ್ಲ. ದಿನಾ ಐದೂಮುಕ್ಕಾಲಿಗೆ ಪೇಪರ್ ಹಿಡಿದು ಜಗಲಿಯಲ್ಲಿ ಕೂರುತ್ತೇನೆ, ಕಾಫಿ ಬರುತ್ತದೆ. ಒಳಗಿನಿಂದ ಟಕ ಟಕ ಶಬ್ದ ಕೇಳಿಸುತ್ತಿತ್ತು. ಫಿಲ್ಟರ್ ಇಳಿಯದಿದ್ದರೆ ತಟ್ಟುತ್ತಾರಲ್ಲ, ಅದೇ ಇರಬೇಕು ಎಂದುಕೊಂಡಿದ್ದೆ.

ಆಗ ಅಜ್ಜಿ ಒಳಗಿನಿಂದ ಬಂದಳು. ಕೈಯಲ್ಲಿ ಬೆಳಗಿನ ಆ ಕಹಿ ಕಾಫಿಯ ಲೋಟ. ಅದರ ತಳದ ಗಷ್ಟನ್ನು ಬೆರಳಿನಲ್ಲಿ ತೆಗೆದು ಉಜ್ಜಿ ನೋಡಿದಳು.

"ಮಿಷನ್ನಿಗೆ ಯಾಕೆ ಬೈತೀಯೋ? ಇದನ್ನ ಮುಟ್ಟಿ ನೋಡು. ಅರ್ಧ ಹಿಟ್ಟು, ಅರ್ಧ ನುಚ್ಚು. ಮಿಕ್ಸಿ ಕತ್ತರಿಸುತ್ತೆ, ಬೀಸೋದಿಲ್ಲ. ಹಿಟ್ಟಿನಿಂದ ಕಹಿ ಬಂತು, ನುಚ್ಚಿನಿಂದ ಹುಳಿ ಬಂತು. ನಿನ್ನೆಯದು ಅಂಗಡಿ ಪುಡಿ, ಫಿಲ್ಟರಿಗೆ ಅಂತ ಮಾಡಿದ್ದು. ಅದು ತರಿತರಿ, ನೀರು ನಿಲ್ಲದೆ ಓಡಿಹೋಯ್ತು. ಅದರಲ್ಲಿ ಚಿಕೋರಿ ಬೇರೆ."

"ಹಾಗಾದರೆ ಗ್ರೈಂಡರ್ ಬೇಕು ಅಜ್ಜಿ" ಅಂದ ಮೊಮ್ಮಗ.

"ಇದೆಯಲ್ಲೋ ಗ್ರೈಂಡರ್, ದೋಸೆ ಹಿಟ್ಟಿಗೆ ತಂದಿದ್ದು."

ಎಲ್ಲರೂ ನಕ್ಕರು. ಮೂರು ದಿನದಲ್ಲಿ ಮೊದಲ ನಗು. ಮೊಮ್ಮಗ ಮೊಬೈಲಿನಲ್ಲಿ ಕಾಫಿ ಗ್ರೈಂಡರಿನ ಚಿತ್ರ ತೋರಿಸಿದ. ಎರಡು ಉಕ್ಕಿನ ಹಲ್ಲುಗಳು ಒಂದರೊಳಗೊಂದು, ನಡುವೆ ಸಂದು. ಸಂದು ಹೆಚ್ಚಿಸಿದರೆ ತರಿ, ಕಡಿಮೆ ಮಾಡಿದರೆ ನುಣುಪು. ಅಜ್ಜಿ ಕನ್ನಡಕ ಏರಿಸಿ ನೋಡಿ, "ಇದು ರಾಗಿ ಬೀಸುವ ಕಲ್ಲು ಕಣೋ" ಅಂದಳು. ಎಷ್ಟು ಸರಿಯಾದ ಮಾತು! ಬೀಸುವ ಕಲ್ಲಿನಲ್ಲಿ ರಾಗಿ ಎರಡು ಕಲ್ಲಿನ ನಡುವಿನ ಸಂದಿನಿಂದಲೇ ಹೊರಬರಬೇಕು. ಸಂದಿಗಿಂತ ದಪ್ಪದ ಕಾಳು ಹೊರಗೆ ಬರುವಂತಿಲ್ಲ. ಅದಕ್ಕೇ ಹಿಟ್ಟು ಒಂದೇ ಸಮ. ಮಿಕ್ಸಿಯ ಬ್ಲೇಡಿಗೆ ಅಂಥ ಸಂದಿಲ್ಲ. ಸಿಕ್ಕಿದ್ದನ್ನು ಮತ್ತೆ ಮತ್ತೆ ಹೊಡೆಯುತ್ತದೆ, ಸಿಗದ್ದನ್ನು ಬಿಡುತ್ತದೆ.

ಫಿಲ್ಟರ್ ಇಳಿಸಲು ಅಟ್ಟ ಹತ್ತಿದ ಮೊಮ್ಮಗಳು ಅಲ್ಲಿಂದಲೇ ಕೂಗಿದಳು. "ಅಜ್ಜಿ, ಇಲ್ಲಿ ನಿನ್ನ ಕಬ್ಬಿಣದ ಮಿಷನ್ನಿದೆ!" ಇಳಿಸಿ, ತುಕ್ಕು ಉಜ್ಜಿ, ಎರಡು ಹಿಡಿ ಅಕ್ಕಿ ಬೀಸಿ ಹಲ್ಲು ಚೊಕ್ಕಟ ಮಾಡಿದೆವು. ತಿರುಪು ಬಿಗಿ ಮಾಡಿ ಬೀಜ ಬೀಸಿದೆವು. ತೂಕದ ಪುಟ್ಟ ಯಂತ್ರ ಮೊಮ್ಮಗನ ಹತ್ತಿರವಿತ್ತು. ಮೊಮ್ಮಗಳು ಗಣಿತದ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಟು ಎಳೆದಳು. ಪುಡಿ ಎಷ್ಟು ಗ್ರಾಂ, ಇಳಿದ ಕಾಫಿ ಎಷ್ಟು ಗ್ರಾಂ, ಎಷ್ಟು ಸೆಕೆಂಡು, ಅಜ್ಜಿಯ ಮಾತು ಏನು.

ಎಸ್ಪ್ರೆಸೊ ಮಾಡುವವರು ಸಾಮಾನ್ಯವಾಗಿ ಹಿಡಿಯುವ ಅಳತೆ ಹೀಗೆ: 18 ಗ್ರಾಂ ಪುಡಿಗೆ ಸುಮಾರು 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ. ನೀರು ಕುದಿಯುತ್ತಿರಬಾರದು, 90ರಿಂದ 96 ಡಿಗ್ರಿ ಇರಬೇಕು. ಬೇಗ ಇಳಿದರೆ ಹುಳಿ, ಏಕೆಂದರೆ ಹುಳಿಯ ಅಂಶ ಮೊದಲು ಕರಗುತ್ತದೆ. ತಡವಾಗಿ ಇಳಿದರೆ ಕಹಿ, ಏಕೆಂದರೆ ಕಹಿಯ ಅಂಶ ಕೊನೆಗೆ ಕರಗುತ್ತದೆ. ಎರಡರ ನಡುವೆ ಸಿಹಿ. ಇದೆಲ್ಲವೂ ನಮ್ಮ ಫಿಲ್ಟರಿಗೂ ಸಲ್ಲುವ ಮಾತೇ. ಅಜ್ಜಿ ಅದನ್ನು ಗ್ರಾಂ, ಸೆಕೆಂಡು ಎಂದು ಹೇಳುವುದಿಲ್ಲ, ಅಷ್ಟೇ.

ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದೆ. ಮೊದಲ ಸಲ 13 ಸೆಕೆಂಡು, "ಹುಳಿ, ಆದರೆ ಕಹಿ ಇಲ್ಲ." ತಿರುಪು ಕಾಲು ಸುತ್ತು ಬಿಗಿ. ಎರಡನೇ ಸಲ 19 ಸೆಕೆಂಡು, "ಪರವಾಗಿಲ್ಲ." ಮೂರನೇ ಸಲ ಮತ್ತೆ 14, "ಯಾಕೋ?" ಕಾರಣ ಹುಡುಕಿದರೆ, ಮೊಮ್ಮಗ ಪುಡಿಯನ್ನು ಓರೆಯಾಗಿ ಅದುಮಿದ್ದ. ನೀರು ತೆಳುವಾದ ಕಡೆಯಿಂದ ದಾರಿ ಮಾಡಿಕೊಂಡು ಓಡಿತ್ತು. ಗದ್ದೆಯ ಬದುವಿನಲ್ಲಿ ಏಡಿ ಬಿಲ ಬಿದ್ದರೆ ನೀರೆಲ್ಲ ಅಲ್ಲೇ ಹೋಗುವುದಿಲ್ಲವೇ, ಹಾಗೆ. ನಾಲ್ಕನೇ ಸಲ ಸಮವಾಗಿ ಹರಡಿ, ನೇರವಾಗಿ ಅದುಮಿದ. 24 ಸೆಕೆಂಡು. ಅಜ್ಜಿ ಎರಡು ಗುಟುಕು ಕುಡಿದಳು. "ಇದು ಕಾಫಿ" ಅಂದಳು. ಮೊಮ್ಮಗಳು ಅದನ್ನು ದೊಡ್ಡಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ.

ಗಮನಿಸಿದಿರಾ? ಮಿಷನ್ನು ಅದೇ. ಅರವತ್ತು ಸಾವಿರ ಖರ್ಚಾಗಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರು, ಅದನ್ನು ಬರೆದಿಟ್ಟರು. ನಿಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಮೇಷ್ಟ್ರು ಹೇಳಿಕೊಡುವುದೂ ಇದನ್ನೇ. ಪುಡಿ, ತೂಕ, ಅದುಮುವ ಬಲ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ಗೊತ್ತಾಗುವುದಿಲ್ಲ.

ಹಾಗಾದರೆ ಮಿಷನ್ನು ಬದಲಿಸಲೇಬಾರದೇ? ಅದೇ ಪ್ರಶ್ನೆಯನ್ನು ಮೊಮ್ಮಗ ಕೇಳಿದ. ನಾನು "ಬೇಡ" ಎನ್ನುವವನಿದ್ದೆ. ಅಜ್ಜಿ ತಡೆದಳು.

"ಯಾಕೆ ಬೇಡ? ನಾನು ಬದಲಿಸಲಿಲ್ಲವಾ? ಬಟ್ಟೆ ಬಿಟ್ಟೆ, ಹಿತ್ತಾಳೆ ಬಿಟ್ಟೆ, ಕೈ ಮಿಷನ್ನು ಬಿಟ್ಟೆ. ಆದರೆ ಬಿಡುವಾಗ ಪ್ರತಿ ಸಲ ಯಾಕೆ ಅಂತ ನನಗೆ ಗೊತ್ತಿತ್ತು. ಬಟ್ಟೆ ವಾಸನೆ ಬರ್ತಿತ್ತು. ಹಿತ್ತಾಳೆಗೆ ಕಲಾಯಿಯವನು ಸಿಗಲಿಲ್ಲ. ಮಿಷನ್ನು ತಿರುಗಿಸೋಕೆ ಕೈ ಆಗಲಿಲ್ಲ. ನಿನ್ನ ಮಿಷನ್ನು ಯಾಕೆ ಬೇಡ ಅಂತ ಒಂದು ಮಾತಲ್ಲಿ ಹೇಳು, ಆಮೇಲೆ ಹೊಸದು ತಾ."

ಅವನು ಬಾಯಿ ತೆರೆದ, ಮುಚ್ಚಿದ. ಹೇಳಲು ಆಗಲಿಲ್ಲ.

ಈ ಒಂದು ಮಾತಿಗಾಗಿಯೇ ನಾನು ಈ ವಾರ ಇಷ್ಟುದ್ದ ಬರೆದೆ. ಕೈ ಬೆಳೆಯಬೇಕು, ಬೆಳೆದ ಕೈ ಇಂಥದ್ದು ಬೇಕು ಎಂದು ಕೇಳಬೇಕು, ಆಗ ಸಲಕರಣೆ ಬದಲಿಸಬೇಕು. ಕಾಫಿ ಮಿಷನ್ನಿನಲ್ಲಿ ಮೆಟ್ಟಿಲುಗಳು ಹೀಗಿವೆ, ಮೊಮ್ಮಗ ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ.

ಎಲ್ಲಕ್ಕಿಂತ ಕೆಳಗೆ ನಮ್ಮ ಫಿಲ್ಟರ್. ಕೆಳಗೆ ಎಂದರೆ ಕೀಳಲ್ಲ, ಅಡಿಪಾಯ. ಅದರ ಮೇಲೆ ಒಲೆಯ ಮೇಲಿಡುವ ಮೋಕಾ ಪಾತ್ರೆ. 1933ರಲ್ಲಿ ಇಟಲಿಯ ಬಿಯಾಲೆಟ್ಟಿಯವರು ಮಾಡಿದ್ದು. ಕೆಳಗಿನ ನೀರು ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರುತ್ತದೆ. ಅದರ ಮೇಲೆ ನಮ್ಮ ಮೊಮ್ಮಗ ತಂದಂಥ ಸಣ್ಣ ಪಂಪಿನ ಮಿಷನ್ನು. ಪೆಟ್ಟಿಗೆಯ ಮೇಲೆ 15 ಬಾರ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಪಂಪಿನ ತಾಕತ್ತು. ಪುಡಿಗೆ ಬೇಕಾದದ್ದು 9ರ ಆಸುಪಾಸು. ಆ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಅದರ ಮೇಲಿನ ಮೆಟ್ಟಿಲು, ನೀರಿನ ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಮಿಷನ್ನು. ನಿನ್ನೆಯ ರುಚಿ ಇವತ್ತೂ ಬರಬೇಕು ಎನ್ನುವವರಿಗೆ. ಇನ್ನೂ ಮೇಲೆ ಎರಡು ಬಾಯ್ಲರಿನ ಮಿಷನ್ನು. ಕಾಫಿ ಇಳಿಸಲು ಒಂದು ಬಿಸಿ, ಹಾಲಿಗೆ ಹಬೆ ಹೊಡೆಯಲು ಅದಕ್ಕಿಂತ ಹೆಚ್ಚಿನ ಬಿಸಿ ಬೇಕು. ಒಂದೇ ಬಾಯ್ಲರ್ ಇದ್ದರೆ ಒಂದು ಮುಗಿದ ಮೇಲೆ ಇನ್ನೊಂದಕ್ಕೆ ಕಾಯಬೇಕು. ಎರಡಿದ್ದರೆ ಎರಡೂ ಒಟ್ಟಿಗೆ.

ಈಗ ಹೇಳಿ. ಬೆಂಗಳೂರಿನ ಒಂದು ರೂಮಿನಲ್ಲಿ ಒಬ್ಬನೇ ಕಾಫಿ ಕುಡಿಯುವವನಿಗೆ ಎರಡು ಬಾಯ್ಲರ್ ಯಾಕೆ? ಮೊಮ್ಮಗನೇ ಇದನ್ನು ಹೇಳಿ ನಕ್ಕ. ಅವನು ಹಣ ಕೊಟ್ಟು ತಂದದ್ದು ದೊಡ್ಡ ಮಿಷನ್ನನ್ನಲ್ಲ, ಕೈಯಲ್ಲಿ ತಿರುಗಿಸುವ ಒಂದು ಒಳ್ಳೆಯ ಕಾಫಿ ಗ್ರೈಂಡರನ್ನು. ಕೆಲವೇ ಸಾವಿರ. ನಮ್ಮ ಕಬ್ಬಿಣದ ಮಿಷನ್ನಿನ ಹಲ್ಲು ಸವೆದು ಅಲ್ಲಾಡುತ್ತಿತ್ತು, ಅದಕ್ಕೇ ಸೆಕೆಂಡುಗಳು ಏರಿಳಿಯುತ್ತಿದ್ದವು. ಇದಕ್ಕಾದರೆ ಅವನ ಹತ್ತಿರ ಒಂದು ಮಾತಿನ ಕಾರಣವಿತ್ತು.

ಇನ್ನೊಂದು ವಿಷಯ. ನಮ್ಮ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಮಿಷನ್ನಿನ ಹೊಟ್ಟೆಯೊಳಗೂ ಕಟ್ಟುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಮಿಷನ್ನು ಹಳೆಯದಾಯಿತು ಎಂದು ಎಸೆಯುವ ಮೊದಲು ಅದನ್ನು ತೊಳೆದಿದ್ದೀರಾ, ಉಪ್ಪು ತೆಗೆದಿದ್ದೀರಾ ನೋಡಿ.

ಮಿಷನ್ನು ಬೆಂಗಳೂರಿಗೆ ವಾಪಸು ಹೋಯಿತು. ಅಜ್ಜಿಯೇ ಕಳಿಸಿದಳು. "ಚೆನ್ನಾಗಿದೆ ಕಣೋ, ನೀನು ಕುಡಿ. ಬಂದಾಗ ತಂದು ಮಾಡಿಕೊಡು. ನನಗೆ ನಾಲ್ಕು ಜನಕ್ಕೆ ಡಿಕಾಕ್ಷನ್ ಒಂದೇ ಸಲ ಇಳೀಬೇಕು, ನಾನು ಪೂಜೆಗೆ ಹೂವು ತರೋಷ್ಟರಲ್ಲಿ." ನೋಡಿದಿರಾ, ಅವಳಿಗೂ ಒಂದು ಮಾತಿನ ಕಾರಣವಿತ್ತು. ನೋಟ್‌ಬುಕ್ಕಿನ ಆ ಪುಟ ಮೊಮ್ಮಗನ ಜೊತೆ ಹೋಯಿತು. ಅದರ ಹಿಂದೆ ಗಣಿತದ ಹೋಂವರ್ಕ್ ಇತ್ತು ಎಂದು ಮೊಮ್ಮಗಳು ಶಾಲೆಯಲ್ಲಿ ಬೈಸಿಕೊಂಡಳು. ಅರವತ್ತು ಸಾವಿರ ಬ್ಯಾಂಕಿನಲ್ಲೇ ಇದೆ. ಹಸುವೂ ಬಂದಿಲ್ಲ.

ನನ್ನ ದಿನಚರಿ ಮಾತ್ರ ಸ್ವಲ್ಪ ಬದಲಾಗಿದೆ. ಐದೂಮುಕ್ಕಾಲಿಗೆ ಪೇಪರ್ ಹಿಡಿಯುವ ಮೊದಲು ಅಡುಗೆಮನೆಗೆ ಹೋಗಿ ಫಿಲ್ಟರ್ ಬಿಚ್ಚಿಕೊಡುತ್ತೇನೆ. ಒದ್ದೆ ಬಟ್ಟೆ ಸುತ್ತಿ ಎರಡು ನಿಮಿಷ ಬಿಟ್ಟು ತಿರುಗಿಸಿದರೆ ಬರುತ್ತದೆ. ಮೊದಲ ದಿನ ಡಿಕಾಕ್ಷನ್ ಅರ್ಧ ಕಟ್ಟೆಯ ಮೇಲೆ ಚೆಲ್ಲಿದೆ. "ಕೈ ಇನ್ನೂ ಬೆಳೀಬೇಕು" ಅಂದಳು ಮನೆಯಾಕೆ.

ಈ ವಾರದ ಕೆಲಸ: ಮಕ್ಕಳೇ, ನಿಮ್ಮ ಅಜ್ಜಿಯ ಅಥವಾ ತಾತನ ಜೊತೆ ಕೂತು ಮನೆಯ ಡಿಕಾಕ್ಷನ್ನಿನ ಲೆಕ್ಕ ಬರೆಯಿರಿ. ಬಿಸಿನೀರು ದೊಡ್ಡವರೇ ಹಾಕಲಿ. ಎಷ್ಟು ಚಮಚ ಪುಡಿ, ಎಷ್ಟು ಲೋಟ ನೀರು, ಎಷ್ಟು ನಿಮಿಷಕ್ಕೆ ಇಳಿಯಿತು, ಅವರು ಕುಡಿದು ಏನೆಂದರು. ಮರುದಿನ ಒಂದನ್ನು ಮಾತ್ರ ಬದಲಿಸಿ ನೋಡಿ. ರುಚಿ ನೋಡುವ ಕೆಲಸ ದೊಡ್ಡವರದು. ನಿಮಗೆ ಹಾಲು, ಬೇಕಾದರೆ ಬಣ್ಣಕ್ಕೆ ಅರ್ಧ ಚಮಚ ಡಿಕಾಕ್ಷನ್, ಸಾಕು.

ತಾತ-ಅಜ್ಜಿಯರೇ, ನಿಮಗೂ ಒಂದು ಕೆಲಸ. ನಿಮ್ಮ ಅಡುಗೆಮನೆಯಲ್ಲಿ ಯಾವ ಯಾವ ಕಾಫಿ ಸಾಮಾನು ಬಂದು ಹೋದವು, ಪ್ರತಿಯೊಂದನ್ನೂ ಯಾಕೆ ಬಿಟ್ಟಿರಿ ಎಂದು ಮಕ್ಕಳಿಗೆ ಹೇಳಿ. ಹಾಗೆಯೇ ಈಗ ಯಾವ ಕೆಲಸಕ್ಕೆ ಕೈ ನೋಯುತ್ತದೆ ಎಂಬುದನ್ನೂ ಹೇಳಿ. ಹೇಳದಿದ್ದರೆ ಜಗಲಿಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಮುಂದಿನ ವಾರ ಮತ್ತೆ ಸಿಗೋಣ.